ಬೀರುವಿನಲ್ಲಿಟ್ಟ ಕಣ್ಣು

ಇವತ್ತು ಬೆಳಿಗ್ಗೆ ಒಬ್ಬ ಮಹಾಶಯರು ಲೆನ್ಸಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಏನೋ ಸಾಧಿಸಿದವರಂತೆ ಕುಳಿತರು. ಲೆನ್ಸ್ ಇರಬೇಕಾದದ್ದು ಕಣ್ಣಿನಲ್ಲಿ, ಸ್ವಾಮೀ. ಬೆಳಿಗ್ಗೆಯೇ ಹಾಕಿಕೊಂಡು, ನಾಲ್ಕು ಗಂಟೆ ಹೊತ್ತಾದರೂ ಅದು ಕಣ್ಣಲ್ಲಿ ಕೂತ ಮೇಲೆ ಬನ್ನಿ, ಆಗಲೇ ಎಲ್ಲಿ ಒತ್ತುತ್ತಿದೆ ಎಂದು ತಿಳಿಯುವುದು ಅಂತ ಬಡಿದುಕೊಳ್ಳುತ್ತಲೇ ಇರುತ್ತೇನೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಹಾಕಿಕೊಂಡು ಬರುತ್ತಿತ್ತು. "ಟ್ರಾಫಿಕ್ಕಲ್ಲಿ ಧೂಳು ಮೇಡಂ, ತೆಗೆದಿಟ್ಕೊಂಡ್ ಬಂದೆ" ಎಂದರು.

ಇಂಥವರನ್ನು ಕಂಡಾಗಲೆಲ್ಲ ನನಗೆ ಟಿ. ದಾಸರಹಳ್ಳಿಯ ಕೆಂಪಮ್ಮನವರ ನೆನಪಾಗುತ್ತದೆ. ನೆನಪಾದರೆ ಈಗಲೂ ಮೈ ಉರಿಯುತ್ತದೆ.

ವಿದ್ಯಾರಣ್ಯಪುರದಲ್ಲಿ ನನ್ನದೊಂದು ಪುಟ್ಟ ಕ್ಲಿನಿಕ್ಕು. ಕೆಲವರ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ನುಣ್ಣಗೆ ಬಾಗಿರುವ ಬದಲು ಮುಂದಕ್ಕೆ ಚೂಪಾಗಿಬಿಟ್ಟಿರುತ್ತದೆ. ಅವರಿಗೆ ಕನ್ನಡಕ ಸಾಲದು. ಅಳತೆ ತೆಗೆದು, ದೊಡ್ಡ ಗಟ್ಟಿ ಲೆನ್ಸ್ ಮಾಡಿಸಿ ಕೂರಿಸುವುದು ನನ್ನ ಕಸುಬು. ಕೆಂಪಮ್ಮನವರ ಸೊಸೆ ಮಂಜುಳಾಗೆ ಅಂಥ ಕಣ್ಣು. ಒಂದು ಬಲ್ಬು ಮೂರಾಗಿ ಕಾಣುತ್ತಿತ್ತು, ಮುಖಗಳು ಕಲಸಿಹೋಗುತ್ತಿದ್ದವು. ಲೆನ್ಸ್ ಒಗ್ಗದಿದ್ದರೆ ಆಪರೇಷನ್ನೇ ಗತಿ ಎಂದು ದೊಡ್ಡ ಡಾಕ್ಟರು ಹೇಳಿಯಾಗಿತ್ತು.

ಲೆನ್ಸ್ ಹಾಕಿದ ದಿನ ಆ ಹುಡುಗಿ ಗೋಡೆಯ ಕ್ಯಾಲೆಂಡರನ್ನು ರಾಹುಕಾಲದ ಸಮೇತ ಓದಿದಳು. ನಾನೂ ಮಹಾ ಪಂಡಿತೆಯಂತೆ ಉಬ್ಬಿಹೋದೆ. ಮುಂದಿನ ಸಲ ನೋಡಿದರೆ ಕಣ್ಣು ಬರಿದು, ಡಬ್ಬಿ ಕೆಂಪಮ್ಮನವರ ಸೆರಗಿನ ಗಂಟಿನಲ್ಲಿ. ಅದರ ಮುಂದಿನ ಸಲವೂ ಅದೇ ಕತೆ. ಗದರಿಸಿ ಕೇಳಿದ ಮೇಲೆ ಸತ್ಯ ಹೊರಬಿತ್ತು. ಲೆನ್ಸ್ ಇರುವುದು ಬೀರುವಿನಲ್ಲಿ, ಒಡವೆಗಳ ಜೊತೆ. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಮದುವೆ, ಗೃಹಪ್ರವೇಶಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತಂತೆ.

"ದಿನಾ ಹಾಕ್ಕೊಂಡ್ರೆ ಸವೆದೋಗಾಕಿಲ್ವಾ? ರೇಸ್ಮೆ ಸೀರೆ ಉಟ್ಕೊಂಡು ಯಾರಾದ್ರೂ ಪಾತ್ರೆ ತೊಳೀತಾರಾ?" ಎಂದರು ಕೆಂಪಮ್ಮ.

"ಅಮ್ಮಾ, ಇದು ಸೀರೆ ಅಲ್ಲ, ಕಣ್ಣು. ಮದುವೇಲಿ ಕಂಡೋರ ಒಡವೆ ಎಲ್ಲಾ ಕಾಣುತ್ತೆ, ಮನೇಲಿ ಕುದಿಯೋ ಸಾರು ಕಾಣಲ್ಲ. ನಾನ್ ಅಳತೆ ಸರಿಮಾಡೋದ್ ಹೆಂಗೆ?"

"ಇಂಗೆ ರೇಗಿದ್ರೆ ಎಂಗವ್ವಾ? ಒಡೆದೋದ್ರೆ ಈ ಮಗೀನ ಕಣ್ ಕುಯ್ತಾರಲ್ಲ."

ಮಂಜುಳಾ ನೆಲ ನೋಡಿಕೊಂಡು ಕೂತಿದ್ದಳು. ಇವಳಿಗೊಂದು ಬಾಯಿ ಬೇಡವೇ ಎಂದು ಅವಳ ಮೇಲೂ ಸಿಟ್ಟು ಬಂತು. ಇನ್ನೊಮ್ಮೆ ಬರಿಗಣ್ಣಲ್ಲಿ ಬಂದರೆ, ನನ್ನ ಕೈಲಾಗದು ಎಂದು ಡಾಕ್ಟರಿಗೆ ಹೇಳಿಬಿಡುತ್ತೇನೆ ಎಂದು ಹೆದರಿಸಿ ಕಳಿಸಿದೆ.

ಆಮೇಲೆ ಬಂದವಳು ಅವಳೊಬ್ಬಳೇ. ಗೊರಗುಂಟೆಪಾಳ್ಯದಲ್ಲಿ ಬೋರ್ಡು ತಾನೇ ಓದಿ ಬಸ್ಸು ಬದಲಿಸಿದ್ದಳು. ಲೆನ್ಸ್ ಕಣ್ಣಿನಲ್ಲೇ ಇತ್ತು. ಬಿಳಿಗುಡ್ಡೆಯ ಮೇಲೆ ಅದು ಒತ್ತುತ್ತಿದ್ದ ಜಾಗ ಕೊನೆಗೂ ಸಿಕ್ಕಿತು. ಅಂಚು ಬದಲಿಸಿದರೆ ಸಾಕಿತ್ತು, ಆಪರೇಷನ್ನಿನ ಮಾತೇ ಬೇಕಿರಲಿಲ್ಲ.

"ಬೀಗದ ಕೈ ಹೆಂಗ್ ಕೊಟ್ರು ನಿಮ್ಮತ್ತೆ?"

"ನಾನೇ ಈಸ್ಕೊಂಡೆ ಮೇಡಂ. ಈಗ ದಿನಾ ಹಾಕ್ಕೊಂತೀನಿ."

"ಬೈಯಲ್ವಾ?"

"ಬೈತಾರೆ. ಇಷ್ಟ್ ವರ್ಷ ದನಿ ಒಂದೇ ಗೊತ್ತಾಗ್ತಿತ್ತು, ನನ್ ಮೇಲೆ ಕೋಪ ಅನ್ಕೊಂಡಿದ್ದೆ. ಈಗ ಬೈಯೋವಾಗ ಮುಖ ಕಾಣ್ಸುತ್ತೆ. ಕೋಪ ಅಲ್ಲ ಮೇಡಂ, ಭಯ."

ನಾನು ಕಣ್ಣು ನೋಡುವ ಮೆಷಿನ್ನಿನ ಗಾಜು ಒರೆಸತೊಡಗಿದೆ. ಅದೇನೂ ಕೊಳೆಯಾಗಿರಲಿಲ್ಲ.

ಇವತ್ತಿನ ಮಹಾಶಯರಿಗೂ ಬಾಯ್ತುಂಬ ಬೈಯಲೆಂದೇ ಕುರ್ಚಿ ಮುಂದೆಳೆದುಕೊಂಡೆ. ಅವರು ಬರಿಗಣ್ಣಿನಲ್ಲಿ ನನ್ನತ್ತ ನೋಡುತ್ತಿದ್ದರು. ಅವರಿಗೆ ನನ್ನ ಮುಖವಿದ್ದ ಜಾಗದಲ್ಲಿ ಕಾಣುತ್ತಿದ್ದದ್ದು ಬರೀ ಮಸುಕು. ಸಿಟ್ಟೇನೂ ಇಳಿದಿರಲಿಲ್ಲ. ದನಿ ಇಳಿಸಿ, "ಮೊದ್ಲು ಲೆನ್ಸ್ ಹಾಕ್ಕೊಳ್ಳಿ, ಆಮೇಲೆ ಬೈತೀನಿ" ಎಂದೆ.