ಮೈಕಿನಲ್ಲಿ ಹೊರಡದ ಮಾತು

ಎಪ್ಪತ್ತರ ದಶಕದಲ್ಲಿ ನಾನು ಆಸ್ಪತ್ರೆಯ ಜೀಪಿನಲ್ಲಿ ಮೈಕು ಹಿಡಿದು ಊರೂರು ತಿರುಗುತ್ತಿದ್ದೆ. ಒಮ್ಮೆ ಮುನವಳ್ಳಿಗೆ ಲೇಡಿ ಡಾಕ್ಟರು ಬಂದಿದ್ದರು, ವಯಸ್ಸಾದ ಹೆಂಗಸರ ಮೊಲೆಯಲ್ಲಿ ಗಂಟು ಇದೆಯೇ ಎಂದು ನೋಡಲು. ಆ ಪದ ಮೈಕಿನಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. "ಎದಿ ತಪಾಸಣಿ ಐತಿ, ವಯಸ್ಸಾದವರೆಲ್ಲಾ ಬರ್ರಿ" ಎಂದು ಕೂಗಿಬಿಟ್ಟೆ.

ತಪಾಸಣೆ ಇಟ್ಟಿದ್ದ ಶಾಲೆಯ ಹತ್ತಿರ ಬಂದು ನೋಡಿದರೆ, ಬೀಡಿ ಸೇದುವ ಮುದುಕರೆಲ್ಲ ಅಂಗಿ ಬಿಚ್ಚಿ ಕೆಮ್ಮುತ್ತ ಪಾಳಿ ಹಚ್ಚಿದ್ದರು. ಡಾಕ್ಟರು ನನ್ನನ್ನು ನೋಡಿದರು. ನಾನು ಜೀಪಿನ ಗಾಲಿ ನೋಡಿದೆ.

ಗಂಡನ ಅಂಗಿ ಹಿಡಿದು ನಿಂತಿದ್ದ ಗಂಗವ್ವ ಎಂಬ ಮುದುಕಿ ಡಾಕ್ಟರಿಂದ ನಿಜ ಸಂಗತಿ ತಿಳಿದುಕೊಂಡಳು.

"ಗಂಟ ಸಿಕ್ರ ಏನ್ ಮಾಡ್ತೀರಿ, ಬಾಯಾರ?"

"ಬೆಳಗಾವಿಗೆ ಹೋಗಿ ತೋರಿಸಬೇಕು. ಎಲ್ಲಾ ಗಂಟೂ ಕೆಟ್ಟವಲ್ಲ. ಕೆಟ್ಟದ್ದಿದ್ರ ಆಪರೇಶನ್ ಆಗಬಹುದು."

"ಒಲ್ಲೆ ಅಂದ್ರ?"

"ನಿಮ್ಮ ಮರ್ಜಿ, ಆಯಿ."

ಗಂಗವ್ವ ನನ್ನ ಕೈಯಿಂದ ಮೈಕು ಕಸಿದುಕೊಂಡಳು. "ಮೊಲಿ ನೋಡ್ತಾರಂತ, ಮುದುಕ್ಯಾರದಷ್ಟ. ಗಂಡಸರು ಅಂಗಿ ಹಾಕ್ಕೊಂಡು ಮನಿಗೆ ನಡೀರಿ" ಎಂದವಳೇ, ಆಪರೇಶನ್ನು, ಮರ್ಜಿ ಎಲ್ಲವನ್ನೂ ಒಂದೂ ಬಿಡದೆ ಊರಿಗೆ ಕೇಳಿಸಿದಳು. ಸೆರಗು ಬಾಯಿಗಿಟ್ಟು ನಗುತ್ತ ಮುದುಕಿಯರು ಬಂದರು.

"ಮೊದಲ ನೀವ ಬರ್ರಿ" ಎಂದರು ಡಾಕ್ಟರು.

"ನಾ ಇನ್ನೂ ವಿಚಾರ ಮಾಡಾಕ ಹತ್ತೀನಿ" ಎಂದು ಗಂಗವ್ವ ಕಟ್ಟೆಯ ಮೇಲೆ ಕುಳಿತಳು.

ಎಲ್ಲರದೂ ಮುಗಿದು ಡಾಕ್ಟರು ಕೈ ತೊಳೆಯುವಾಗ ಎದ್ದಳು. "ವಿಚಾರ ಮಾಡೀನಿ. ನೋಡ್ರಿ." ಏನೂ ಸಿಗಲಿಲ್ಲ. ಹೊರಗೆ ಬಂದು ಅದನ್ನೂ ಊರಿಗೆ ಸಾರಿದಳು.

ಮರುದಿನ ಮುಂದಿನ ತಪಾಸಣೆಗೆಂದು ಸವದತ್ತಿಗೆ ಹೊರಟಾಗ ಮುಂದಿನ ಸೀಟಿನಲ್ಲಿ ಗಂಗವ್ವ ಕುಳಿತಿದ್ದಳು. ಡಾಕ್ಟರೇ ಕರೆದಿದ್ದರಂತೆ. ನಾನು ಹಿಂದೆ, ಮೈಕಿನ ಬ್ಯಾಟರಿ ಹಿಡಿದುಕೊಂಡು ಕುಳಿತೆ.