ಇಂಜೆಕ್ಷನ್‌ಗೆ ಮೊದಲು ಕೇಳಿದ ಪ್ರಶ್ನೆ

ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಕಾಕಾ ಆಸ್ಪತ್ರೆ ಸೇರಿದ. ಬೈರಿದೇವರಕೊಪ್ಪದ ಮನೆಯಲ್ಲಿ ಉಳಿದವರು ಅಜ್ಜಿ, ಕಾಕಾನ ಹೆಂಡತಿ ಕಾಕು ಮತ್ತು ನಾನು. ನಾನು ಓದಿದ್ದು ಬಿ.ಕಾಂ. ಆದರೆ ಆ ದಿನಗಳಲ್ಲಿ ಮೊಬೈಲಿನಲ್ಲಿ ಓದಿದ್ದೆಲ್ಲ ರೋಗನಿರೋಧಕ ಶಕ್ತಿಯ ಬಗ್ಗೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಎಂಟನೆಯ ದಿನ ಡಾಕ್ಟರ್ ಫೋನ್ ಮಾಡಿದರು. ಸ್ಟಿರಾಯ್ಡ್ ಕೊಟ್ಟರೂ ಶ್ವಾಸಕೋಶದ ಉರಿಯೂತ ಇಳಿದಿಲ್ಲ, ಆಕ್ಸಿಜನ್ ಏರಿಸಬೇಕಾಗಿದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇಂಜೆಕ್ಷನ್ ಒಂದಿದೆ, ಮನೆಯವರ ಒಪ್ಪಿಗೆ ಬೇಕು ಎಂದರು.

ಕಾಕು ಅವನಿಗೆ ಕಳಿಸಲು ಥರ್ಮಾಸಿಗೆ ಕಷಾಯ ತುಂಬುತ್ತಿದ್ದಳು.

"ಶಕ್ತಿ ಏರ್ಲಿ ಅಂತ ನಾ ಕಷಾಯ ಕಳಸಾಕತ್ತೇನಿ. ಅವರು ಇಳಸ್ತೇವಿ ಅಂತಾರ. ಇಬ್ಬರಾಗ ಒಬ್ಬರಿಗೆ ಹುಚ್ಚು ಹಿಡದೈತಿ."

"ಮನಿ ಕಾಯಾಕ ಇಟ್ಟ ಮಂದಿನ ಮನಿಗೆ ಬೆಂಕಿ ಹಚ್ಚಿದಂಗ ಆಗೈತಿ ಕಾಕು. ವೈರಸ್‌ಕಿಂತ ಈಗ ಕಾಕಾಗ ಅವನ ಮೈನ ಜಾಸ್ತಿ ಕಾಡಾಕತ್ತೈತಿ."

"ಅವರ ಮೈನೂ ಅವರಂಗ. ಒಮ್ಮೆ ಚಾಲೂ ಆದ್ರ ನಿಂದ್ರೂದಿಲ್ಲ."

ಹೀಗೆ ಒಪ್ಪಿದಳು. ಆದರೆ ಡಾಕ್ಟರ್ ಇನ್ನೊಂದು ಮಾತು ಕೇಳಿದ್ದರು: ಹಿಂದೆ ಟಿ.ಬಿ. ಆಗಿತ್ತೇ? ಅಡಗಿ ಕೂತ ಟಿ.ಬಿ. ಇದ್ದರೆ ಈ ಔಷಧಿಯಿಂದ ಎದ್ದೇಳಬಹುದು. ಕಾಕಾನನ್ನು ಕೇಳಿದರೆ ಮಾಸ್ಕಿನೊಳಗಿಂದಲೇ ಇಲ್ಲವೆಂದು ತಲೆಯಾಡಿಸಿದನಂತೆ.

"ನಮ್ಮ ಮನ್ಯಾಗ ಯಾರಿಗೂ ಆಗಿಲ್ಲ," ಎಂದಳು ಕಾಕು.

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿಯ ಕೈ ನಿಂತಿತು.

"ಆಗಿತ್ತು. ನಿನ್ನ ಲಗ್ನಕ್ಕಿಂತ ಎರಡು ವರ್ಷ ಮೊದಲ. ಗುಳಿಗಿ ಪೂರಾ ನುಂಗ್ಯಾನ. ಹೇಳಿದ್ರ ನಿಮ್ಮಪ್ಪ ಹೆಣ್ಣ ಕೊಡ್ತಿದ್ದಿಲ್ಲ."

ಕಾಕು ಥರ್ಮಾಸಿನ ಮುಚ್ಚಳ ಬಿಗಿ ಮಾಡಿದಳು. ಅದು ಆಗಲೇ ಬಿಗಿಯಾಗಿತ್ತು.

"ಲಗ್ನಾಗಿ ಇಪ್ಪತ್ತೆರಡು ವರ್ಷ ಆತ್ರೀ ಅತ್ತಿ."

"ನೀ ಕೇಳಲಿಲ್ಲಲ್ಲ."

ನಾನು ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಸ್ಕ್ಯಾನ್ ಮತ್ತೆ ನೋಡಿದರು, ಕಫದ ಪರೀಕ್ಷೆಯನ್ನೂ ಮಾಡಿಸಿದರು. ಹಳೆಯ ಟಿ.ಬಿ.ಯ ಕಲೆ ಬಿಟ್ಟರೆ ಏನೂ ಕಾಣಲಿಲ್ಲ. ಇಂಜೆಕ್ಷನ್ ಕೊಡುತ್ತೇವೆ, ಟಿ.ಬಿ. ಮೇಲೂ ಕಣ್ಣಿಡುತ್ತೇವೆ, ಆದರೆ ಉಳಿಯುವ ಖಾತ್ರಿ ಕೊಡಲಾರೆವು ಎಂದರು.

ಕಾಕು ಆಸ್ಪತ್ರೆಗೆ ಹೋಗಿ ಸಹಿ ಮಾಡಿದಳು. ಕಾಗದ ತೆಗೆದುಕೊಂಡ ನರ್ಸ್‌ಗೆ, "ಲಗೂ ಕೊಡ್ರಿ ಸಿಸ್ಟರ್. ಅವರು ಉಳೀಬೇಕು. ನಾ ಅವರ ಕೂಡ ಜಗಳಾ ಮಾಡೂದೈತಿ," ಎಂದಳು.

ನಾಲ್ಕು ದಿನದ ನಂತರ ಆಕ್ಸಿಜನ್ ತಗ್ಗಿಸತೊಡಗಿದರು. ಮುಂದೆ ಎರಡು ವಾರಕ್ಕೆ ಕಾಕಾ ಮನೆಗೆ ಬಂದ. ಜಗಳ ಮೂರು ದಿನ ನಡೆಯಿತು. ನಡುವೆ ಅವನಿಗೆ ದಮ್ಮು ಹತ್ತಿದರೆ ಕಾಕು ಮಾತು ನಿಲ್ಲಿಸಿ, ಬೆನ್ನಿಗೆ ದಿಂಬು ಒತ್ತಿಟ್ಟು ಕೂರಿಸಿ, ಉಸಿರು ಸರಿಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು.