ಖಾಲಿ ಸೈಟಿನ ಎರಡು ದಿಬ್ಬಗಳು

...ಅಥವಾ ಅದು ನೋವಿನ ಸ್ಪ್ರೇ ಆಗಿರಲೇ ಇಲ್ಲವೇನೋ. ಬೆಳ್ಳಂದೂರಿನ ನಮ್ಮ ಆಫೀಸಿನ ಲಿಫ್ಟಿನಲ್ಲಿ ಮೊನ್ನೆ ಯಾರೋ ಮೊಣಕಾಲಿಗೆ ಸ್ಪ್ರೇ ಹೊಡೆದುಕೊಂಡು ಹತ್ತಿದರು. ಬಾಗಿಲು ಮುಚ್ಚುವಷ್ಟರಲ್ಲಿ ನನಗೆ ಸಿಂಗಸಂದ್ರದ ಹಳೆಯ ಮನೆಯ ಮೆಟ್ಟಿಲು ನೆನಪಾಯಿತು. ಅದರ ಮೇಲೆ ಪ್ಯಾಂಟು ಮಡಚಿ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದ ನಮ್ಮ ಮನೆ ಓನರ್ ನೆನಪಾದರು. ನನ್ನ ಮಹಡಿ ಬರುವ ಹೊತ್ತಿಗೆ ಅನುಮಾನ ಶುರುವಾಗಿತ್ತು. ಅವರು ಹಚ್ಚಿಕೊಳ್ಳುತ್ತಿದ್ದುದು ನೀಲಗಿರಿ ಎಣ್ಣೆಯಲ್ಲವೇ? ಅವರ ಹೆಂಡತಿ ತರಿಸುತ್ತಿದ್ದ ಬಾಟಲಿ ನನಗೆ ಚೆನ್ನಾಗಿ ನೆನಪಿದೆ. ಹಾಗಿದ್ದ ಮೇಲೆ ಸ್ಪ್ರೇ ವಾಸನೆಗೆ ಅವರು ಯಾಕೆ ನೆನಪಿನಲ್ಲಿ ಎದ್ದು ಬಂದರು? ಈ ಬರಹದಲ್ಲಿ ಮುಂದೆ ಬರುವುದನ್ನೆಲ್ಲ ಇಷ್ಟೇ ನಂಬಿಕೆಯಿಂದ ಓದಿದರೆ ಸಾಕು.

ನಾನು ಮತ್ತು ನನ್ನ ಗಂಡ ಅವರ ಕಟ್ಟಡದ ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಓನರ್ ಮತ್ತು ಅವರ ಹೆಂಡತಿ. ಸಿಂಗಸಂದ್ರ ಹಳ್ಳಿಯಾಗಿದ್ದಾಗ ಅವರ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ನಾವು ಹೋಗುವಷ್ಟರಲ್ಲಿ ಹೊಲಗಳೆಲ್ಲ ಮೂರು ನಾಲ್ಕು ಮಹಡಿ ಎದ್ದಿದ್ದವು. ಓನರಿಗೆ ಐವತ್ತರ ಆಸುಪಾಸು. ಸ್ವಲ್ಪ ಹೊಟ್ಟೆ, ದಪ್ಪ ಮೀಸೆ. ಮೀಸೆಯೇ ಇರಲಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಬೆಳಿಗ್ಗೆ ಮೋಟರ್ ಹಾಕುವುದು, ಸಂಪಿನ ಮುಚ್ಚಳ ಎತ್ತಿ ನೋಡುವುದು, ಯಾರ ಮನೆಯ ಗೀಸರ್ ಕೆಟ್ಟಿದೆ ಎಂದು ಕೇಳುವುದು ಅವರ ಕೆಲಸವಾಗಿತ್ತು. ಒಳ್ಳೆಯವರು ಎನ್ನಬಹುದು, ಆದರೆ ಬಾಡಿಗೆಗಿದ್ದವರು ಓನರ್ ಬಗ್ಗೆ ಹೇಳುವ ಒಳ್ಳೆಯ ಮಾತನ್ನು ನಾನೇ ಪೂರ್ತಿ ನಂಬುವುದಿಲ್ಲ.

ತಾರಸಿಯ ಕೋಣೆಯಲ್ಲಿದ್ದ ಬಾಡಿಗೆದಾರನೊಬ್ಬ ಖಾಲಿ ಮಾಡುವಾಗ ಒಂದು ಸೈಕಲ್ ಬಿಟ್ಟುಹೋಗಿದ್ದ. ವಿಚಿತ್ರ ಸೈಕಲ್. ಸೀಟು ಮೊಣಕಾಲಿನಷ್ಟು ಕೆಳಗೆ, ಟೈರು ದಪ್ಪ, ಗೇರಿಲ್ಲ, ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಸೀಟು ಕುಸಿದಿದೆ ಎಂದುಕೊಂಡು ಓನರ್ ಅದನ್ನು ಸೈಕಲ್ ಶಾಪಿಗೆ ಒಯ್ದರು. ಇದು ಮಣ್ಣಿನ ದಿಬ್ಬದಿಂದ ಹಾರಿಸುವ ಸೈಕಲ್, ಕೂತು ಓಡಿಸುವುದಲ್ಲ, ಎಂದು ಅಂಗಡಿಯವನು ವಾಪಸ್ ಕಳಿಸಿದನಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಕೆಲವು ದಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಯಾವ ಯಾವ ದೇಶದವರೋ ಹಾರುವುದನ್ನು ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು, ಗುದ್ದಲಿ ಬಾಂಡ್ಲಿ ಹಿಡಿದು, ಎದುರಿನ ಖಾಲಿ ಸೈಟಿಗೆ ಹೋದರು.

ಆ ಸೈಟು ನನ್ನ ಅಡುಗೆಮನೆಯ ಕಿಟಕಿಗೆ ನೇರ ಕಾಣುತ್ತಿತ್ತು. ರಸ್ತೆಯ ಉದ್ದಕ್ಕೂ ಚಾಚಿಕೊಂಡಿತ್ತು, ಹಿಂದಕ್ಕೆ ಅಷ್ಟೇನೂ ಆಳವಿರಲಿಲ್ಲ. ಓನರಿಗೂ ಅದೇ ಬೀದಿಯ ಕೊನೆಯಲ್ಲಿದ್ದ ಅವರ ಅಣ್ಣನಿಗೂ ಸೇರಿದ, ಇನ್ನೂ ಭಾಗವಾಗದ ಜಾಗ. ಅಪ್ಪ ಬೇಗ ಹೋದದ್ದರಿಂದ ಅಣ್ಣನೇ ಇವರನ್ನು ಸಾಕಿದ್ದು. ಅಣ್ಣ ಬಂದರೆ ಓನರ್ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಅದು ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿದೆ, ಯಾಕೆಂದರೆ ಪ್ರತಿ ಸಲ ಕುರ್ಚಿ ಹಿಂದಕ್ಕೆ ಉರುಳುತ್ತಿತ್ತು.

ಹಾರುವುದಕ್ಕಿಂತ ಹೆಚ್ಚು ಅವರು ಮಣ್ಣು ಹೊತ್ತರು. ಹತ್ತಲು ಒಂದು ದಿಬ್ಬ, ಇಳಿಯಲು ಇನ್ನೊಂದು, ನಡುವೆ ಹಳ್ಳ. ಮಣ್ಣು ಹಾಕಿ, ಪೈಪಿನಲ್ಲಿ ನೀರು ಚಿಮುಕಿಸಿ, ಗುದ್ದಲಿಯ ಬೆನ್ನಿನಿಂದ ತಟ್ಟಿ, ಒಣಗಲು ಬಿಟ್ಟು, ಮತ್ತೆ ಹಾಕುತ್ತಿದ್ದರು. ನಮ್ಮ ನಲ್ಲಿಯಲ್ಲಿ ನೀರು ಸಣ್ಣಗಾದ ದಿನ ಮೊದಲ ಮಹಡಿಯವರು, ಓನರ್ ಸಂಪಿನ ನೀರನ್ನೆಲ್ಲ ಮಣ್ಣಿಗೆ ಕುಡಿಸುತ್ತಿದ್ದಾರೆ, ಇದರಲ್ಲೇನೋ ಇದೆ, ಎಂದರು. ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಐವತ್ತರ ಗಂಡಸು ಸುಮ್ಮನೆ ಏನನ್ನೂ ಶುರುಮಾಡುವುದಿಲ್ಲ ಎಂಬುದಷ್ಟೇ ನಮ್ಮೆಲ್ಲರ ಲೆಕ್ಕ.

ಅವರ ಹೆಂಡತಿಗೆ ಬೇರೆಯೇ ಅನುಮಾನ. ಒಂದು ದಿನ ಕರಿಬೇವು ಕೊಡುವ ನೆಪದಲ್ಲಿ ಮೇಲೆ ಬಂದು ನನ್ನ ಕಿಟಕಿಯ ಹತ್ತಿರ ನಿಂತರು.

"ಮೇಡಂ, ಇವ್ರು ದಿನಾ ಸೈಟಿಗೇ ಹೋಗ್ತಾರಾ?"

"ಹೌದಲ್ಲ, ಅಲ್ಲೇ ಇದಾರೆ ನೋಡಿ."

"ಒಬ್ರೇನಾ?"

"ಒಬ್ಬರೇ."

"ಒಬ್ರೇ ಹೋಗಿ ಒಬ್ರೇ ಬಿದ್ಕೊಂಡ್ ಬರೋಕೆ ಹೊಸ ಶೂ ಯಾಕ್ ಮೇಡಂ? ಮದ್ವೆ ಮನೆಗೇ ಚಪ್ಲೀಲಿ ಬರೋ ಮನ್ಷ ಇವ್ರು."

ಹೇಳಿ ಅವರೇ ನಕ್ಕರು. ಕೆಳಗೆ ಹೋಗುವ ಮುಂಚೆ ಇನ್ನೊಂದು ಸಲ ಕಿಟಕಿಯಿಂದ ನೋಡಿದರು.

ಯಾಕೆ ಸಾರ್ ಇದೆಲ್ಲ, ಎಂದು ನಾನೂ ಒಮ್ಮೆ ಕೇಳಿದ್ದೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು. ಮೊಣಕೈಯ ಚರ್ಮ ಕಿತ್ತುಹೋಗಿತ್ತು. "ಎರಡೂ ಚಕ್ರ ನೆಲ ಬಿಟ್ಟಿರ್ತದಲ್ಲ ಮೇಡಂ, ಒಂದೇ ಗಳಿಗೆ. ಆವಾಗ ಯಾವ್ ಬಾಡಿಗೆಯೋರೂ ಗೀಸರ್ ಕೆಟ್ಟೋಗಿದೆ ಅಂತ ಫೋನ್ ಮಾಡಕಾಗಲ್ಲ," ಎಂದರು. ಈ ಮಾತನ್ನು ನಾನು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ಹೇಳಿ ಹೇಳಿ ಅದು ಚೆನ್ನಾಗಿ ಪಳಗಿದೆ. ಅವರು ಆಡಿದ ಮಾತು ಇಷ್ಟು ನುಣುಪಾಗಿತ್ತೇ... ಅಥವಾ "ಏನೋ ಒಂಥರಾ ಚೆನ್ನಾಗಿರ್ತದೆ" ಎಂದಷ್ಟೇ ಹೇಳಿದ್ದರೇ? ಎರಡನೆಯದೇ ಇರಬೇಕು ಎಂದು ಕೆಲವು ದಿನ ಅನ್ನಿಸುತ್ತದೆ.

ಅಷ್ಟರಲ್ಲಿ ಬಿಲ್ಡರ್ ಒಬ್ಬನ ಕಾರು ಬೀದಿಗೆ ಬರತೊಡಗಿತ್ತು. ಆ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಅಣ್ಣ ಮಾತಾಡಿದ್ದರು. ಓನರ್ ನೋಡೋಣ ಅಣ್ಣ, ನೋಡೋಣ ಅಣ್ಣ, ಎನ್ನುತ್ತಿದ್ದರಂತೆ. ಬೇಡ ಎಂದೂ ಅನ್ನಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಅಂಥ ದಿನಗಳಲ್ಲಿ ಅಣ್ಣ ಒಮ್ಮೆ ಸೈಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ನೋಡಿದರು.

ನಮ್ಮ ಕಡೆ ಖಾಲಿ ಸೈಟನ್ನು ಖಾಲಿ ಎಂದು ಯಾರೂ ನೋಡುವುದಿಲ್ಲ. ಒಬ್ಬರು ಹಸು ಕಟ್ಟಿರುತ್ತಾರೆ, ಒಬ್ಬರು ತಗಡಿನ ಶೆಡ್ ಹಾಕಿರುತ್ತಾರೆ, ಇನ್ನೊಬ್ಬರು ಕಲ್ಲು ನೆಟ್ಟು ಅರಿಶಿನ ಕುಂಕುಮ ಬಳಿದಿರುತ್ತಾರೆ. ಎಲ್ಲಕ್ಕೂ ಅರ್ಥ ಒಂದೇ, ಇದು ನನ್ನದು. ಹೊಲ ಉತ್ತು ಬೆಳೆದ ಮನೆಯವರ ಕಣ್ಣಿಗೆ ಅಡ್ಡಕ್ಕೆ ಕಟ್ಟಿದ ಮಣ್ಣು ಎಂದರೆ ಬದು. ಬದು ಬಿತ್ತೆಂದರೆ ಭಾಗವಾಯಿತು. ಓನರ್ ಕಟ್ಟಿದ ದಿಬ್ಬಗಳು ಸೈಟಿನ ಸರಿಯಾಗಿ ನಡುವೆ, ರಸ್ತೆಯ ಅಂಚಿನಿಂದ ಹಿಂದಿನ ಗೋಡೆಯವರೆಗೂ ಚಾಚಿದ್ದವು. ನಾನು ದಿನವೂ ನೋಡುತ್ತಿದ್ದೆ, ನನಗೆ ಅದು ಹೊಳೆದಿರಲಿಲ್ಲ. ಅಣ್ಣನಿಗೆ ಸ್ಕೂಟರ್ ಮೇಲಿಂದಲೇ ಹೊಳೆಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅವರೆಲ್ಲ ಸೈಟಿಗೆ ಬಂದರು. ಅಣ್ಣ, ಅವರ ವಯಸ್ಸಾದ ಚಿಕ್ಕಪ್ಪ, ಇನ್ನಿಬ್ಬರು ಮೂವರು ನೆಂಟರು. ಓನರ್ ಹೆಂಡತಿ ನನ್ನನ್ನೂ ಕರೆದುಕೊಂಡು ಹೋಗಿ ಗೇಟಿನ ಹತ್ತಿರ ನಿಂತರು. ಅಣ್ಣನ ದನಿ ಏರಲಿಲ್ಲ.

"ಏನ್ಲಾ ಇದು?"

"ಸೈಕಲ್ ನೆಗೆಸೋಕೆ ಅಣ್ಣ."

"ಯಾರು ನೆಗೆಯೋದು?"

"ನಾನೇ."

ಚಿಕ್ಕಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. "ಈ ವಯಸ್ಸಲ್ಲಿ ಎತ್ತು ಕೂಡ ನೆಗೆಯಲ್ಲ ಕಣ್ಲಾ, ನಿಂಗೇನ್ ಬಂತು?"

"ಭಾಗ ಬೇಕಿದ್ರೆ ಬಾಯ್ಬಿಟ್ ಕೇಳು," ಎಂದರು ಅಣ್ಣ. "ನಾನೇನ್ ಕೊಡಲ್ಲ ಅಂದಿದ್ನಾ? ಇಂಗೆ ಹೇಳ್ದೆ ಕೇಳ್ದೆ ಬದು ಹಾಕೋದು ಯಾರ್ ಕಲಿಸ್ಕೊಟ್ರು?"

"ಬದು ಅಲ್ಲ ಅಣ್ಣ. ದೇವ್ರಾಣೆ ಅಲ್ಲ."

ಓನರ್ ಮುಖ ನೋಡಲು ನನಗೆ ಕಷ್ಟವಾಯಿತು. ಆ ಕ್ಷಣದಲ್ಲಿ ಅವರಿಗೆ ಸೈಟು ಬೇಕಿರಲಿಲ್ಲ, ಬಿಲ್ಡರ್ ಕೂಡ ನೆನಪಿರಲಿಲ್ಲ, ಅಣ್ಣ ತನ್ನನ್ನು ನಂಬಬೇಕು ಎನ್ನುವುದೊಂದೇ ಬೇಕಿತ್ತು ಎಂದು ನಾನು ಬರೆಯಬಲ್ಲೆ. ಆದರೆ ನನಗೆ ಕಂಡದ್ದು ಒಂದು ಮುಖ ಮಾತ್ರ. ಅಣ್ಣ ನನ್ನ ಕಡೆ ತಿರುಗಿದರು. "ನೀವ್ ಮೇಲಿಂದ ನೋಡ್ತಿರ್ತೀರಲ್ಲ ಮೇಡಂ, ಇವ್ನು ನೆಗೀತಾನಾ?"

"ಹಾರ್ತಾರೆ. ನಾನು ನೋಡಿದೀನಿ."

"ಬಾಡಿಗೆಲಿರೋರು ಇನ್ನೇನ್ ಹೇಳ್ತಾರೆ," ಎಂದು ನೆಂಟರಲ್ಲಿ ಒಬ್ಬರು ಗೊಣಗಿದರು.

"ಅಂಗಾದ್ರೆ ನೆಗಿ," ಎಂದರು ಅಣ್ಣ. "ನಮ್ ಮುಂದೆ ನೆಗಿ. ನೋಡಾನ."

ಓನರ್ ಹೆಲ್ಮೆಟ್ ಹಾಕಿಕೊಂಡರು. ಸೈಟಿನ ಒಂದು ತುದಿಗೆ ಸೈಕಲ್ ತಳ್ಳಿಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಹೆಂಡತಿ ನನ್ನ ಕೈ ಹಿಡಿದುಕೊಂಡರು. ಓನರ್ ಪೆಡಲ್ ತುಳಿದದ್ದು, ಮೊದಲ ದಿಬ್ಬ ಹತ್ತಿದ್ದು, ಎರಡು ಚಕ್ರಗಳ ಕೆಳಗೂ ಬೆಳಕು ಕಂಡದ್ದು ನನಗೆ ಗೊತ್ತು. ಅದರ ನಂತರದ್ದು ಗೊತ್ತಿಲ್ಲ. ಎರಡನೆಯ ದಿಬ್ಬದ ಮೇಲೆ ಸೈಕಲ್ ಮೆತ್ತಗೆ ಕೂತು ಇಳಿದುಹೋದ ಒಂದು ಚಿತ್ರ ನನ್ನಲ್ಲಿದೆ. ಹ್ಯಾಂಡಲ್ ತಿರುಗಿ ಅವರು ಪಕ್ಕಕ್ಕೆ ಉರುಳಿ, ತಕ್ಷಣ ಎದ್ದು, ಏನಿಲ್ಲ ಏನಿಲ್ಲ ಎಂದು ಕೈ ಬೀಸಿದ ಇನ್ನೊಂದು ಚಿತ್ರವೂ ಇದೆ. ಎರಡರಲ್ಲೂ ಬಿಸಿಲು ಒಂದೇ ಕಡೆಯಿಂದ ಬೀಳುತ್ತಿದೆ. ಬಿದ್ದದ್ದು ಬೇರೆ ಬೆಳಿಗ್ಗೆಯದಿರಬಹುದು. ನನ್ನ ಗಂಡನನ್ನು ಕೇಳೋಣವೆಂದರೆ ಅವರು ಆ ಭಾನುವಾರ ಊರಲ್ಲೇ ಇರಲಿಲ್ಲ.

ಏನೇ ಆಗಿರಲಿ, ಅಣ್ಣನ ಮುಖ ಬದಲಾಗಲಿಲ್ಲ. ಅವರು ದಿಬ್ಬದ ಮೇಲೆ ಹತ್ತಿ ನಿಂತು ಎರಡೂ ಕಡೆ ಕಣ್ಣಳತೆ ಹಾಕಿದರು.

"ಓಡ್ಕೊಂಡ್ ಬರೋಕೆ ಜಾಗ ಬೇಕು, ಸರಿ. ನಿಲ್ಲೋಕೂ ಅಷ್ಟೇ ಜಾಗ ಬೇಕಾ?"

"ಬ್ರೇಕು ಹಿಂದಿನ ಚಕ್ರಕ್ಕೊಂದೇ ಅಣ್ಣ. ಗೋಡೆ ಹತ್ರ ಬಂದ್ಬಿಡ್ತದೆ."

"ಸೈಕಲ್ ಹೋಗೋಕೆ ಇಷ್ಟಗಲ ಸಾಕು." ಅಣ್ಣ ಎರಡು ಕೈ ಚಾಚಿ ತೋರಿಸಿದರು. "ರೋಡಿಂದ ಹಿಂದ್ಗಡೆ ಗೋಡೆಗಂಟ ಯಾಕ್ಲಾ ಎಳ್ದೆ?"

ಓನರ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಭಯ ಅಣ್ಣ," ಎಂದರು. "ಪಕ್ಕಕ್ಕೆ ಜಾರ್ಬಿಡ್ತೀನಿ ಅಂತ ಭಯ. ದಿನಾ ಒಂದಿಷ್ಟು ಅಗಲ ಮಾಡ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಅಣ್ಣ ದಿಬ್ಬದಿಂದ ಇಳಿದು, ಚಪ್ಪಲಿಗೆ ಅಂಟಿದ ಮಣ್ಣನ್ನು ಗೇಟಿಗೆ ತಟ್ಟಿ, "ಚೆನ್ನಾಗಿ ಪ್ರಾಕ್ಟೀಸ್ ಮಾಡ್ಕೊಂಡಿದೀಯ," ಎಂದು ಹೇಳಿ ಹೊರಟರು. ಚಿಕ್ಕಪ್ಪ ಮಾತ್ರ ಹೋಗುವಾಗ ಸೈಕಲ್ಲಿನ ಸೀಟು ಒತ್ತಿ ನೋಡಿದರು.

ಮರುದಿನ ಬೆಳಿಗ್ಗೆ ಓನರ್ ದಿಬ್ಬಗಳನ್ನು ಕೆಡವುತ್ತಿದ್ದರು. ಕಟ್ಟುವಾಗ ಮಾಡಿದಂತೆಯೇ, ನೀರು ಚಿಮುಕಿಸಿ, ಮಣ್ಣು ಸಡಿಲ ಮಾಡಿಕೊಂಡು, ಒಂದೊಂದೇ ಬಾಂಡ್ಲಿ. ನೆಲ ಸಮ ಮಾಡಿ, ಮೇಲೆ ಓಡಾಡಿ ತುಳಿದರು. ನಾನು ಕಾಫಿ ಕುಡಿಯುವುದನ್ನು ಮರೆತು ನೋಡುತ್ತ ನಿಂತಿದ್ದೆ. ಕೆಲವು ವಾರಗಳಲ್ಲಿ ಬಿಲ್ಡರನ ಕಾಗದಕ್ಕೆ ಸಹಿಯನ್ನೂ ಹಾಕಿದರು. ನಾನು ಇದನ್ನು ಅವರ ಪರವಾದ ಸಾಕ್ಷಿ ಎಂದುಕೊಂಡಿದ್ದೆ. ಮೊದಲ ಮಹಡಿಯವರು, ಸಿಕ್ಕಿಬಿದ್ದ ಮೇಲೆ ಇನ್ನೇನು ಮಾಡುತ್ತಾರೆ, ಎಂದರು. ಅಣ್ಣ ತಮ್ಮ ಜಗಳವಾಡಲಿಲ್ಲ. ಅಣ್ಣ ಬಂದರೆ ಓನರ್ ಈಗಲೂ ಏಳುತ್ತಿದ್ದರು, ಆದರೆ ಅಣ್ಣ ಬರುವುದೇ ಕಡಿಮೆಯಾಯಿತು. ಸೈಕಲ್ ಮೆಟ್ಟಿಲ ಕೆಳಗೆ ಚಕ್ರದ ಗಾಳಿ ಇಳಿದು ನಿಂತಿತ್ತು. ನಾವು ಮನೆ ಬದಲಿಸಿದಾಗ ಅಲ್ಲೇ ಇತ್ತು ಎನ್ನಿಸುತ್ತದೆ...

ಹೋದ ವರ್ಷ ಅವರ ಹೆಂಡತಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾರ ಹಾಕಿದ ಓನರ್ ಫೋಟೊ ಕಂಡಿತು. ನಿದ್ದೆಯಲ್ಲೇ ಹೋದರಂತೆ. ನಾನು ಕೈಮುಗಿಯುವ ಚಿಹ್ನೆ ಕಳಿಸಿದೆ. ಹೋಗಬೇಕಿತ್ತು, ಹೋಗಲಾಗಲಿಲ್ಲ.

ಲಿಫ್ಟಿನ ಆ ವಾಸನೆಯಾದ ಮೇಲೆ, ಮೊನ್ನೆ ಭಾನುವಾರ, ಹೋದೆ. ಅವರ ಹೆಂಡತಿ ಮಗಳ ಮನೆಗೆ ಹೋಗಿದ್ದರು, ಬಾಗಿಲಿಗೆ ಬೀಗ. ಎದುರಿನ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ದಿಬ್ಬಗಳಿದ್ದ ಕಡೆ ಕಾರುಗಳು ಬೇಸ್‌ಮೆಂಟಿಗೆ ಇಳಿಯುತ್ತವೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಣ್ಣ ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ. ನನ್ನನ್ನು ಗುರುತಿಸಿ, "ಮೇಲ್ಗಡೆ ಮನೆಯೋರಲ್ವಾ? ಬಾಮ್ಮ, ಕೂತ್ಕ," ಎಂದರು. ಆ ಮಾತು ಈ ಮಾತು ಆಡಿದೆವು. ಆಮೇಲೆ ರಸ್ತೆ ನೋಡುತ್ತಲೇ ಕೇಳಿದರು.

"ಅವ್ನು ಸುಮ್ನೆ ಆಟಕ್ಕೆ ಮಾಡ್ದ ಅಂದ್ರೆ ಅವತ್ತು ನಾನ್ ಆಡಿದ್ ಮಾತು ತಪ್ಪಾಯ್ತದೆ. ಬದು ಹಾಕಿದ್ದ ಅಂದ್ರೆ ಅವಂದು ತಪ್ಪು. ಎರಡ್ರಲ್ ಒಂದು ಆಗಿರ್ಲೇಬೇಕಲ್ಲಮ್ಮ. ನೀನ್ ದಿನಾ ನೋಡ್ತಿದ್ದೆ. ಯಾವ್ದು ಹೇಳು."

"ಅವರು ಹಾರ್ತಿದ್ರು," ಎಂದೆ.

"ಅದನ್ನ ನಾನೂ ನೋಡಿದೀನಿ. ಯಾಕೆ ಅಂತ ಕೇಳಿದ್ದು."

ನಾನು ಬೇಸ್‌ಮೆಂಟಿಗೆ ಇಳಿಯುತ್ತಿದ್ದ ಕಾರೊಂದನ್ನು ನೋಡಿದೆ. ಅವರು ಕಾದರು, ಆಮೇಲೆ ಬಸ್ಸು ಸಿಗುತ್ತದಾ ಎಂದು ಕೇಳಿದರು.

ನಾನು ಅವರಿಗೆ ಹೇಳದ ಒಂದು ಚಿತ್ರವಿದೆ. ಮಣ್ಣಿನ ಕೆಲಸ ಶುರುವಾಗುವ ಮುಂಚಿನ ಒಂದು ಬೆಳಿಗ್ಗೆ ಓನರ್ ಸೈಟಿನಲ್ಲಿ ಒಬ್ಬರೇ ಇದ್ದಾರೆ. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಎಳೆದು, ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ, ಮಡಿಕೆ ಬಂದ ಕಡೆ ಒಂದು ಕಲ್ಲು ಇಡುತ್ತಿದ್ದಾರೆ. ಹಗ್ಗ ನೀಲಿ, ನೈಲಾನಿನದು. ಓಡಿ ಬರಲು ಅರ್ಧ, ನಿಲ್ಲಲು ಅರ್ಧ ಎಂದು ಅಳೆದಿರಬಹುದು. ಅಣ್ಣನದು ಅರ್ಧ, ತನ್ನದು ಅರ್ಧ ಎಂದೂ ಅಳೆದಿರಬಹುದು. ಅದನ್ನು ನಾನು ನಿಜವಾಗಿ ಆ ಕಿಟಕಿಯಿಂದ ಕಂಡೆನೋ, ಅಣ್ಣ ದಿಬ್ಬದ ಮೇಲೆ ನಿಂತು ಕಣ್ಣಳತೆ ಹಾಕಿದ್ದನ್ನು ನೋಡಿದ ಮೇಲೆ ನನ್ನೊಳಗೇ ಕಟ್ಟಿಕೊಂಡೆನೋ, ನನಗೆ ಗೊತ್ತಿಲ್ಲ.